ಮಾವ ಮಾಯವಾದ ಮಧ್ಯಾಹ್ನ

ಜಾದೂ ನೋಡಲು ಹೋದವರು ಸುಮ್ಮನೆ ನೋಡಿಕೊಂಡು ಮನೆಗೆ ಬರಬೇಕು. ನಮ್ಮ ಕಡೆಯವರಿಂದ ಅದೊಂದು ಆಗುವುದಿಲ್ಲ. ಜಾದೂಗಾರನಿಗೂ ಏನಾದರೊಂದು ಕೆಲಸ ಹಚ್ಚಿಯೇ ಬರುತ್ತಾರೆ. ಮೊನ್ನೆ ಚಿಕ್ಕಬಳ್ಳಾಪುರದಲ್ಲಿ ದೊಡ್ಡ ಜಾದೂ ತಂಡವೊಂದರ ಪೋಸ್ಟರ್ ನೋಡಿದಾಗ ಮೂವತ್ತು ವರ್ಷದ ಹಿಂದಿನ ಚಿಂತಾಮಣಿಯ ಆಟ ನೆನಪಾಗಿ, ರಸ್ತೆಯಲ್ಲೇ ನಿಂತು ಒಬ್ಬನೇ ನಕ್ಕೆ.

ಆಗ ನಾನು ಗೌರಿಬಿದನೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಶಿಡ್ಲಘಟ್ಟಕ್ಕೆ ಹೋಗಿ ಹೆಣ್ಣು ನೋಡಿ ಬಂದಿದ್ದೆ. ಹುಡುಗಿ ಒಪ್ಪಿದ್ದಳು. ಅವಳ ಅಪ್ಪ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ರೇಷ್ಮೆಗೂಡಿನಿಂದ ನೂಲು ತೆಗೆಯುವ ರೀಲರ್ ಅವರು, ಕೈಯಲ್ಲಿ ಮುಟ್ಟಿ ನೋಡದೆ ಯಾವುದನ್ನೂ ನಂಬುವವರಲ್ಲ. ಹುಡುಗನನ್ನು ಇನ್ನೊಂದು ಸಲ ನೋಡಬೇಕು ಅಂದರು. ಚಿಂತಾಮಣಿಯಲ್ಲಿ ಭಾನುವಾರ ಮಧ್ಯಾಹ್ನದ ಜಾದೂ ಆಟಕ್ಕೆ ಎರಡೂ ಮನೆಯವರು ಸೇರುವುದೆಂದಾಯಿತು.

ಮುಗಿಯದ ಚೊಂಬು

ಜಾದೂಗಾರ ಚೊಂಬಿನ ನೀರನ್ನೆಲ್ಲ ಬಕೆಟ್ಟಿಗೆ ಸುರಿದು ಬೋರಲು ಹಾಕಿದ. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿ ಬಗ್ಗಿಸಿದರೆ ಮತ್ತೆ ನೀರು. ಮೂರನೇ ಸಲಕ್ಕೆ, ಮಂಡಿಕಲ್ಲಿನಿಂದ ನಮ್ಮ ಕಡೆಯ ಹಿರಿಯರೆಂದು ಬಂದಿದ್ದ ದೊಡ್ಡಪ್ಪ ಎದ್ದು ನಿಂತರು.

ನಮ್ಮಲ್ಲಿ ಬೋರ್‌ವೆಲ್ ಕೊರೆಸುವ ಮುಂಚೆ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ ನೀರಿನ ಜಾಗ, ಅಂದರೆ ಪಾಯಿಂಟ್, ತೋರಿಸುವವರನ್ನು ಕರೆಸುತ್ತಾರೆ. ದೊಡ್ಡಪ್ಪ ಈತನನ್ನೂ ಆ ಸಾಲಿಗೇ ಸೇರಿಸಿದರು.

"ಸ್ವಾಮಿ, ನಾಳೆ ಮಂಡಿಕಲ್ ಕಡೆ ಬಂದು ಒಂದು ಪಾಯಿಂಟ್ ಮಾಡ್ಕೊಡಿ. ತೆಂಗಿನಕಾಯಿ ನಾವೇ ತರ್ತೀವಿ."

ಇದು ಬರೀ ಕೈಚಳಕ, ತನಗೆ ಅಂಥ ಶಕ್ತಿ ಏನೂ ಇಲ್ಲ ಎಂದು ಆತ ಕೈಮುಗಿದ. ಹುಡುಗಿ ಕಡೆಯವರೆಲ್ಲ ನಮ್ಮತ್ತಲೇ ನೋಡುತ್ತಿದ್ದರು. ನಾನು ನಾಚಿಕೆಯಿಂದ ಕುರ್ಚಿಯೊಳಗೆ ಇಳಿದುಹೋದೆ. ದೊಡ್ಡಪ್ಪ ಮಾತ್ರ ಸಮಾಧಾನವಾಗಿ ಕೂತು ನನ್ನ ಕಿವಿಯಲ್ಲಿ, "ಒಳ್ಳೆ ಪಾಯಿಂಟ್ ಮಾಡೋರೆಲ್ಲ ಮೊದಲು ಹಿಂಗೇ ಅಂತಾರೆ ಕಣೋ," ಅಂದರು.

ಬಾಯಿಂದ ಬಂದ ಬಟ್ಟೆ

ಆಮೇಲೆ ಜಾದೂಗಾರ ಬಾಯಿಂದ ಬಣ್ಣಬಣ್ಣದ ರೇಷ್ಮೆ ಎಳೆಯುತ್ತಾ ಜನರ ನಡುವೆ ಇಳಿದು ಬಂದ. ಎಳೆದಷ್ಟೂ ಬರುತ್ತಿತ್ತು. ಅದರ ತುದಿ ಹುಡುಗಿಯ ಅಪ್ಪನ ಹತ್ತಿರ ಹಾದುಹೋಗುವಾಗ ಅವರು ಗಪ್ಪನೆ ಹಿಡಿದುಕೊಂಡರು. ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದರು. ಅವರ ಮುಖದಲ್ಲಿ ನಿಜವಾದ ಮರುಕ ಕಾಣಿಸಿತು.

"ಇದು ರೇಷ್ಮೆ ಅಲ್ಲಪ್ಪ. ಯಾರೋ ನಿನಗೆ ಟೋಪಿ ಹಾಕವ್ರೆ."

ಜಾದೂಗಾರನ ಬಾಯಿ ತುಂಬ ಬಟ್ಟೆ ಇದ್ದದ್ದರಿಂದ, ಪಾಪ, ತಲೆಯಾಡಿಸಿ ಒಪ್ಪಿಕೊಂಡ.

ಪೆಟ್ಟಿಗೆ

ಆದರೆ ಆತ ಬಿಡಲಿಲ್ಲ. ಹುಡುಗಿಯ ಅಪ್ಪನನ್ನೇ ವೇದಿಕೆಗೆ ಕರೆದು ಪೆಟ್ಟಿಗೆಯೊಳಗೆ ನಿಲ್ಲಿಸಿ ಬಾಗಿಲು ಹಾಕಿದ. ತೆಗೆದರೆ ಖಾಲಿ. ಚಪ್ಪಾಳೆ. ಇನ್ನು ಒಂದು, ಎರಡು, ಮೂರು ಅನ್ನುವಷ್ಟರಲ್ಲಿ ಸಭಾಂಗಣದ ಹಿಂಬಾಗಿಲಿಂದ ಬರುತ್ತಾರೆ ಎಂದ. ಎಲ್ಲರೂ ತಿರುಗಿ ನೋಡಿದೆವು. ಯಾರೂ ಬರಲಿಲ್ಲ. ಮತ್ತೆ ಎಣಿಸಿದ. ಆಗಲೂ ಇಲ್ಲ. ಈಗ ಜಾದೂಗಾರನ ಮುಖವೇ ಬಿಳಿಚಿಕೊಂಡಿತು. ಹುಡುಗಿಯ ತಾಯಿ ಸೆರಗು ಬಾಯಿಗೆ ಇಟ್ಟುಕೊಂಡು ಅಳತೊಡಗಿದರು. ಹುಡುಗಿ ನನ್ನ ಕಡೆ ನೋಡಿದಳು. ನಾನು ಎದ್ದು ಪರದೆಯ ಹಿಂದಕ್ಕೆ ಓಡಿದೆ.

ಅಲ್ಲಿ ಅವರು ಒಂದು ಟ್ರಂಕಿನ ಮೇಲೆ ನೆಮ್ಮದಿಯಾಗಿ ಕೂತಿದ್ದರು. ತೊಡೆಯ ಮೇಲೆ ಗಂಟುಗಂಟಾದ ಸಣ್ಣ ದಾರದ ಉಂಡೆ. ಅದು ಯಾವ ಆಟದ ದಾರ ಎಂದು ಹೇಳಲಾರೆ, ನಾವಿಬ್ಬರೂ ಜಾದೂಗಾರನಿಗೆ ಮಾತು ಕೊಟ್ಟಿದ್ದೇವೆ. ಹಿಂಬಾಗಿಲಿಗೆ ಹೋಗುವ ದಾರಿಯಲ್ಲಿ ಅದು ಅವರ ಕಣ್ಣಿಗೆ ಬಿದ್ದಿತ್ತು. ಸಿಕ್ಕಾದ ಎಳೆ ನೋಡಿ ರೀಲರ್ ಆದವರು ದಾಟಿ ಹೋಗುವುದುಂಟೇ?

"ಬಂದ್ರಾ? ಈ ತುದಿ ಹಿಡ್ಕೊಳಿ. ಎಳೀಬೇಡಿ," ಅಂದರು.

ಹಿಡಿದುಕೊಂಡೆ. ಉಸಿರನ್ನೂ ಬಿಗಿಹಿಡಿದಿದ್ದೆ. ಆಚೆ ಜಾದೂಗಾರ ಐದನೇ ಸಲ ಮೂರರವರೆಗೆ ಎಣಿಸುತ್ತಿದ್ದ. ಕೊನೆಯ ಗಂಟು ಬಿಟ್ಟ ಮೇಲೆ ಅವರು ದಾರವನ್ನಲ್ಲ, ನನ್ನ ಬೆರಳುಗಳನ್ನು ನೋಡಿದರು.

"ಎಳೆ ಹರೀಲಿಲ್ಲ. ಕೈ ಚೆನ್ನಾಗಿದೆ. ನಿಮ್ಮೋರಿಗೆ ಹೇಳಿ, ದಿನ ನೋಡೋಣ."

ಹಿಂಬಾಗಿಲಿಂದ ನಾವಿಬ್ಬರೂ ಒಳಗೆ ಬಂದೆವು. ಮಾಯ ಮಾಡಿದ್ದು ಒಬ್ಬರನ್ನು, ಬಂದದ್ದು ಇಬ್ಬರು. ಆವತ್ತಿನ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು, ಜಾದೂಗಾರ ಬಗ್ಗಿ ಬಗ್ಗಿ ನಮಸ್ಕಾರ ಮಾಡಿದ.

ಮೊನ್ನೆ

ಚಿಕ್ಕಬಳ್ಳಾಪುರದ ಆಟಕ್ಕೆ ನಾನು, ಹೆಂಡತಿ, ಮಾವ ಮೂವರೂ ಹೋದೆವು. ಮಾವನಿಗೀಗ ಎಂಬತ್ತು ದಾಟಿದೆ, ಬೆರಳು ನಡುಗುತ್ತವೆ, ಅಂಗಿಯ ಗುಂಡಿಯನ್ನೂ ನಾನೇ ಹಾಕಬೇಕು. ಹಾಕುವಾಗಲೆಲ್ಲ ಆ ಟ್ರಂಕು, ಆ ದಾರ ನೆನಪಾಗುತ್ತವೆ.

ವೇದಿಕೆಗೆ ಪೆಟ್ಟಿಗೆ ಬಂತು. ಮಾಯವಾಗಲು ಯಾರು ಬರುತ್ತೀರಿ ಎಂದು ಜಾದೂಗಾರ ಕೇಳಿದ್ದೇ ತಡ, ಮಾವ ಕುರ್ಚಿಯ ಕೈ ಹಿಡಿದು ಎದ್ದರು. ಹೆಂಡತಿ ಅವರ ಶಾಲು ಹಿಡಿದು ಕೂರಿಸಿದಳು.

"ಬೇಡ, ಕೂತ್ಕೊಳಪ್ಪ. ಹೋದ್ಸಲ ಮಾಯ ಆಗಿ ಬರೋವಾಗ ಇವರನ್ನ ಹಿಡ್ಕೊಂಡು ಬಂದೆ. ಇನ್ನೊಬ್ಬರನ್ನ ಸಾಕೋಕೆ ನನ್ನ ಕೈಲಾಗಲ್ಲ."