ಮಗಳ ಮೊಬೈಲು ಕೋರ್ಟಿನಲ್ಲೇ ಇರಲಿ

ಇಂದ:
ಕನ್ನಡಕದ ಅಂಗಡಿಯ ಕೌಂಟರಿನಾಕೆ,
ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿ,
ಮೂರನೇ ಮಹಡಿ, ಲಿಫ್ಟ್ ಇಲ್ಲದ ಕಟ್ಟಡ.

ಗೆ:
ಮಾನ್ಯ ನ್ಯಾಯಾಧೀಶರು,
ಮಕ್ಕಳಿಗಾದ ಹಾನಿಯ ಬಗ್ಗೆ ಸಾಮಾಜಿಕ ಜಾಲತಾಣದ ಕಂಪನಿಯ ಮೇಲೆ ತಂದೆತಾಯಿಯರು ಹೂಡಿರುವ ದಾವೆಯನ್ನು ಕೇಳುತ್ತಿರುವವರು.

ವಿಷಯ: ನನ್ನ ಮಗಳ ಮೊಬೈಲನ್ನು ಇನ್ನಷ್ಟು ಕಾಲ ತಮ್ಮಲ್ಲೇ ಇಟ್ಟುಕೊಳ್ಳುವ ಬಗ್ಗೆ.

ಉಲ್ಲೇಖ: "ಮುಂದಿನ ವಿಚಾರಣೆ ದಿನ ಮೊಬೈಲು ವಾಪಸ್ ಸಿಗುತ್ತೆ, ಖುಷಿಯಾಗಿರಿ" ಎಂದು ನಮ್ಮ ವಕೀಲಮ್ಮ ಫೋನಿನಲ್ಲಿ ಹೇಳಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಖುಷಿಯಾಗಿರಲು ನನ್ನಿಂದ ಆಗದ ಕಾರಣ ಈ ಅರ್ಜಿ.

೧. ನಾನು ದಿನವಿಡೀ ಗಿರಾಕಿಗಳ ಮುಂದೆ ಕನ್ನಡಿ ಹಿಡಿದು "ಈ ಫ್ರೇಮು ನಿಮಗೆ ಒಪ್ಪುತ್ತೆ" ಎನ್ನುವವಳು. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ನನ್ನ ಮಗಳ ಮುಖ ನಿಜವಾಗಿಯೇ ಚೆಂದ. ಹಾಗೆಂದು ಹೇಳಿದರೆ, ಅಂಗಡಿಯಲ್ಲೂ ನೀನು ಎಲ್ಲರಿಗೂ ಇದನ್ನೇ ಹೇಳುವುದು ಎಂದಳು. ಅಷ್ಟರಲ್ಲಿ ಪ್ರತಿವಾದಿ ಕಂಪನಿಯು ಅವಳಿಗೆ ಕೆನ್ನೆಯ ಕೊಬ್ಬು ಇಳಿಸುವ ವಿಡಿಯೊಗಳನ್ನು ತೋರಿಸತೊಡಗಿತ್ತು. ಒಂದು ನೋಡಿದ್ದಕ್ಕೆ ಹತ್ತು ತಂದು ಸುರಿಯಿತು. ಗಿರಾಕಿಯ ಮುಖ ಬಾಡಿದರೆ ನಾವು ಫ್ರೇಮುಗಳನ್ನು ಒಳಗಿಡುತ್ತೇವೆ. ಕಂಪನಿಗೆ ಆ ಅಭ್ಯಾಸವಿಲ್ಲ.

೨. ಈ ಕಾರಣದಿಂದ ಅವಳು ಊಟ ಬಿಟ್ಟಳು. ಅದು ನನಗೆ ಗೊತ್ತಾಗದಿರಲೆಂದು ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದಳು. ಹೇಳದೆಯೇ ತಟ್ಟೆ ತೊಳೆಯುವ ಮಗಳೆಂದು ನಾನು ಅಕ್ಕಪಕ್ಕದವರಲ್ಲಿ ಕೊಚ್ಚಿಕೊಂಡೆ. ಅವಳು ಶಾಲೆಯ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದು, ಡಾಕ್ಟರಮ್ಮ ವಿಷಯ ಬಿಡಿಸಿ ಹೇಳಿದ ಮೇಲೆ ಸದರಿ ಹೆಮ್ಮೆಯನ್ನು ಹಿಂಪಡೆದಿದ್ದೇನೆ.

೩. ಆದ್ದರಿಂದ ದಾವೆಗೆ ಸೇರಿದೆ. ತಮ್ಮ ಸಿಬ್ಬಂದಿಯವರು ಮೊಬೈಲನ್ನು ಸಾಕ್ಷ್ಯವೆಂದು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ ಒಳಗೆ ಒಯ್ದರು. ಮಗಳು ನನ್ನೊಡನೆ ಮಾತು ಬಿಟ್ಟಳು. ಹಿಂದೆ ನಾನು ಮೊಬೈಲು ಕಿತ್ತುಕೊಂಡಾಗಲೆಲ್ಲ ಸಂಜೆಯೊಳಗೆ ಸೋತು ಕೊಟ್ಟುಬಿಡುತ್ತಿದ್ದೆ. ತಾವು ಸೋಲಲಿಲ್ಲ. ಅತ್ತರೆ ಅರಗು ಕರಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಅವಳು ಅಡುಗೆಮನೆಗೆ ಬಂದಳು.

೪. ಬಂದವಳು ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತ, ಅಪ್ಪನನ್ನು ಯಾಕೆ ಒಪ್ಪಿದೆ, ಈರುಳ್ಳಿ ಹೆಚ್ಚುವಾಗ ಬಾಯಿ ಯಾಕೆ ತೆರೆದಿರುತ್ತೀಯ ಎಂದೆಲ್ಲ ಕೇಳುತ್ತಾಳೆ. ಕೇಳುತ್ತ ಕೇಳುತ್ತ ತಿನ್ನುತ್ತಾಳೆ. ಹೆಚ್ಚಿಟ್ಟ ಕ್ಯಾರೆಟ್ ಒಲೆಗೆ ಹೋಗುವ ಮೊದಲೇ ಖಾಲಿ. ನನ್ನ ತಲೆ ಚಿಟ್ಟು ಹಿಡಿದಿದೆ. ಇದು ದೂರಲ್ಲ.

೫. ಎದುರು ಪಕ್ಷದ ವಕೀಲರು ಪ್ರತಿ ಸಲವೂ ವಾಯಿದೆ ಕೇಳಿ ನಮ್ಮ ಮನೆಗೆ ಬಹಳ ಉಪಕಾರ ಮಾಡಿದ್ದಾರೆ. ಒಮ್ಮೆ ಕೋರ್ಟಿನ ಹೊರಗೆ ಅವರಿಗೆ ಥ್ಯಾಂಕ್ಸ್ ಹೇಳಿದೆ. ನಮ್ಮ ವಕೀಲಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆಳೆದು, "ನೀವು ಯಾರ ಕಡೆ ರೀ?" ಎಂದರು. ಈಗ ಮೊಬೈಲಿನೊಳಗಿನದೆಲ್ಲ ನಕಲಾಗಿದೆ, ಅಸಲಿನ ಅಗತ್ಯವಿಲ್ಲವಂತೆ.

೬. ಈ ಸುದ್ದಿ ಕೇಳಿ ಮಗಳು ಕುಣಿಯುತ್ತಾಳೆಂದುಕೊಂಡಿದ್ದೆ. ಕಾಲಾಡಿಸುವುದನ್ನು ನಿಲ್ಲಿಸಿದಳು.

"ಬಂದ್ರೆ ನೋಡ್ತೀನಮ್ಮ. ನೋಡದೆ ಇರಕ್ಕೆ ನಂಗಾಗಲ್ಲ."

"ಹಾಗಾದ್ರೆ ಬೇಡ ಅಂತ ನೀನೇ ಹೇಳು."

"ನಾನು ಹೇಳಿದ್ರೆ ಕ್ಲಾಸಲ್ಲಿ ನಗ್ತಾರೆ. ಕೋರ್ಟು ಇಟ್ಕೊಂಡಿದೆ ಅಂದ್ರೆ ಯಾರೂ ಏನೂ ಕೇಳಲ್ಲ."

ಆದ್ದರಿಂದ, 'ಬೇಡ' ಎನ್ನುವ ಶಕ್ತಿ ಅವಳಿಗೆ ಬರುವವರೆಗೆ ಆ ಮಾತನ್ನು ಅವಳ ಪರವಾಗಿ ಘನ ನ್ಯಾಯಾಲಯವೇ ಹೇಳುತ್ತಿರಬೇಕೆಂದು ಪ್ರಾರ್ಥಿಸುತ್ತೇನೆ. ತೀರ್ಪು ಬೇಗ ಬರಲಿ, ಉಳಿದ ಮಕ್ಕಳಿಗೆ ಅದು ಬೇಕು. ಮೊಬೈಲಿಗೆ ಮಾತ್ರ ಅವಸರವಿಲ್ಲ.

ತಮ್ಮ ಅರಗಿನ ಮುದ್ರೆಯಲ್ಲಿ ವಿಶ್ವಾಸವಿಟ್ಟಿರುವ,
ಅರ್ಜಿದಾರಳು

ಅಡಕಗಳು:
(೧) ಡಾಕ್ಟರಮ್ಮನ ಚೀಟಿ.
(೨) ಮಗಳ ತೂಕದ ಚೀಟಿಗಳು, ಹಳೆಯದು ಮತ್ತು ಹೊಸದು.
(೩) ಸದರಿ ಮೊಬೈಲಿನ ಚಾರ್ಜರ್. ಇದು ಮನೆಯಲ್ಲಿರುವ ಅಗತ್ಯ ಕಾಣುವುದಿಲ್ಲ.

ವಿ.ಸೂ.: ತಮ್ಮಲ್ಲಿ ಜಾಗದ ಅಭಾವವಿದ್ದಲ್ಲಿ, ಮೊಬೈಲನ್ನು ಕಂಪನಿಯ ವಕೀಲರ ಮನೆಯಲ್ಲಿ ಇರಿಸಲು ಆದೇಶಿಸಬಹುದು. ಅವರ ಶ್ರೀಮತಿಯವರು ಕಳೆದ ವಾರ ಕನ್ನಡಕಕ್ಕೆಂದು ನಮ್ಮ ಅಂಗಡಿಗೆ ಬಂದಿದ್ದರು. ಅವರ ಮನೆಯಲ್ಲಿ ಮಕ್ಕಳ ಕೈಗೆ ಮೊಬೈಲು ಕೊಡುವ ಪದ್ಧತಿಯೇ ಇಲ್ಲವಂತೆ.