ಬಲಗಡೆಯ ಸೀಟು, ಮಾವನ ಬೈಗುಳ

"ಈ ಸಲ ಟಿಕೆಟ್ ನಾನೇ ತಗೋತೀನಿ!"

ಸ್ವಿಲೆನ್ ಹೀಗೆ ಘೋಷಿಸಿ ಊಟದ ಮೇಜಿಗೆ ಗುದ್ದಿದ ರಭಸಕ್ಕೆ ಮಿಸೊ ಸಾರಿನ ಬಟ್ಟಲುಗಳು ಬೆಚ್ಚಿಬಿದ್ದವು. ಹೆಂಡತಿ ಚಿಗುಸಾ ಮಾತ್ರ ಬೆಚ್ಚಲಿಲ್ಲ.

"ಬೇಡ ರೀ. ಅದೂ ಈ ಮ್ಯಾಚಿಗೆ ಖಂಡಿತ ಬೇಡ. ನಾನೇ ತೆಗೀತೀನಿ."

"ಯಾಕೆ? ನಾನೇನು ನಿನ್ನೆ ಮೊನ್ನೆ ವಿಮಾನ ಇಳಿದು ಬಂದವನಾ?"

"ಮೊನ್ನೆ ಇಳಿದು ಬಂದವರಾಗಿದ್ರೆ ಯಾರನ್ನಾದ್ರೂ ಕೇಳಿಯಾದ್ರೂ ತಗೋತಿದ್ರಿ. ನಿಮಗೆ ಈಗ ಎಲ್ಲಾ ಗೊತ್ತು ಅನ್ನೋದೇ ನಂಗೆ ಭಯ."

ಇಂಥ ಮಾತಿಗೆಲ್ಲ ಕಿವಿಗೊಡುವ ಸ್ಥಿತಿಯಲ್ಲಿ ಸ್ವಿಲೆನ್ ಇರಲಿಲ್ಲ. ಹುಟ್ಟುನಾಡು ಬಲ್ಗೇರಿಯಾದಲ್ಲಿ ಬೇಸ್‌ಬಾಲ್ ಬ್ಯಾಟನ್ನು ಕಣ್ಣಲ್ಲೂ ಕಂಡವನಲ್ಲ. ಆದರೆ ಜಪಾನಿನ ಈ ಬಂದರು ಪಟ್ಟಣಕ್ಕೆ ಬಂದು, ಬ್ರೆಡ್ ಅಂಗಡಿಯಲ್ಲಿ ಕೆಲಸ ಹಿಡಿದು, ಕ್ಷೌರಿಕ ತೊಕುಜಿರೊ ಅವರ ಮಗಳನ್ನು ಮದುವೆಯಾದ ಮೇಲೆ ಅವನಿಗೆ ಊರಿನ ಪೆಲಿಕನ್ಸ್ ತಂಡದ ಹುಚ್ಚು ಹಿಡಿದಿತ್ತು. ತಂಡದ ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಹಾಡಿದೆಯಲ್ಲ, ಅವನು ಬ್ಯಾಟ್ ಹಿಡಿದು ಬಂದಾಗ ಇಡೀ ಸ್ಟ್ಯಾಂಡು ಎದ್ದು ನಿಂತು ಕಹಳೆ ಊದಿ ಹಾಡುವುದು, ಆ ಅಷ್ಟೂ ಹಾಡು ಅವನಿಗೆ ಬಾಯಿಪಾಠ. ಅವನ ಸ್ವಂತ ದೇಶದ ರಾಷ್ಟ್ರಗೀತೆಯೇ ಎರಡನೇ ಸಾಲಿಗೆ ತಡವರಿಸುತ್ತಿತ್ತು.

ಆದರೂ ಅವನಿಗೊಂದು ಕೊರಗು ಇತ್ತು. ಮಾವ ಅವನನ್ನು ಒಮ್ಮೆಯೂ ಬೈದಿರಲಿಲ್ಲ!

ಇದು ಕೊರಗೇ ಎಂದು ನೀವು ಕೇಳಬಹುದು. ತೊಕುಜಿರೊ ಅವರ ಬಾಯಿ ಆ ಬೀದಿಗೆಲ್ಲ ಪ್ರಸಿದ್ಧ. ಮಗಳು ಸೊಪ್ಪು ಹೆಚ್ಚಿದರೆ ಬೈಯುವರು, ಹೆಚ್ಚದಿದ್ದರೆ ಬೈಯುವರು. ಕ್ಷೌರಕ್ಕೆ ಬಂದ ಹಳೇ ಗೆಳೆಯರನ್ನು, ಕತ್ತಿ ಗಂಟಲಿನ ಮೇಲಿರುವಾಗಲೇ ಬೈಯುವರು. ಪಕ್ಕದ ಮನೆಯ ಬೆಕ್ಕಿಗೂ ಬೈಸಿಕೊಳ್ಳುವ ಭಾಗ್ಯವಿತ್ತು. ಅಳಿಯನಿಗೆ ಮಾತ್ರ "ಬನ್ನಿ ಅಳಿಯಂದಿರೇ, ಕೂತ್ಕೊಳ್ಳಿ ಅಳಿಯಂದಿರೇ." ಮದುವೆಯಾದ ಹೊಸತರಲ್ಲಿ, ಮನೆಮಂದಿಯೆಲ್ಲ ಸರದಿಯಲ್ಲಿ ಮೀಯಬೇಕಾದ ತೊಟ್ಟಿಯ ಬಿಸಿನೀರನ್ನು ಸ್ವಿಲೆನ್ ತಾನು ಮಿಂದು ಎದ್ದ ಕೂಡಲೇ ಗಳಗಳ ಬಿಟ್ಟುಬಿಟ್ಟಿದ್ದ. ಮಾವ ನಕ್ಕು, "ಪರವಾಗಿಲ್ಲ, ನಂಗೂ ಯಾಕೋ ಇವತ್ತು ಸ್ನಾನ ಬೇಡ ಅನ್ನಿಸ್ತಿತ್ತು" ಎಂದು ಬೆವರು ಮೈಯಲ್ಲೇ ಮಲಗಿದರು. ಚಿಗುಸಾಳ ಅಜ್ಜನ ಕಾಲದ ಟೀಪಾಟು ಒಡೆದಾಗಲೂ "ಹಳೇದಾಗಿತ್ತು ಬಿಡಿ" ಎಂದರು.

"ಅಪ್ಪ ಬೈಯೋದು ಮನೆಯವರನ್ನ ಮಾತ್ರ ಕಣ್ರೀ" ಎಂದು ಚಿಗುಸಾ ಒಮ್ಮೆ ಬಾಯಿತಪ್ಪಿ ಹೇಳಿಬಿಟ್ಟಳು. ಅಂದರೆ ತಾನಿನ್ನೂ ಅತಿಥಿ! ಅಂದಿನಿಂದ ಸ್ವಿಲೆನ್‌ಗೆ ಒಂದೇ ಹಂಬಲ. ಮಾವನಿಂದ ಒಮ್ಮೆ, ಒಂದೇ ಒಂದು ಸಲ, ಬಾಯಿತುಂಬ ಬೈಸಿಕೊಳ್ಳಬೇಕು.

ಬೈಸಿಕೊಳ್ಳಲಾಗದಿದ್ದರೆ ಹೊಗಳಿಸಿಕೊಳ್ಳೋಣ ಎಂದು ಈ ಟಿಕೆಟ್ಟಿನ ಪ್ರತಾಪ. ಪೆಲಿಕನ್ಸ್ ತಂಡದ ಮುದಿ ಆಟಗಾರ ಮಿನೆಗಿಶಿ, ಮಂಡಿ ಸವೆದು ಹೋದದ್ದರಿಂದ, ಭಾನುವಾರ ಮಧ್ಯಾಹ್ನ ಕೊನೆಯ ಆಟ ಆಡಲಿದ್ದ. ಇವನೆಂದರೆ ತೀರಿಹೋದ ಅತ್ತೆಗೆ ಪ್ರಾಣ. "ಆ ಹುಡುಗನ ಕಿವಿ ಲಕ್ಷಣವಾಗಿದೆ" ಎಂದು ಮೊದಲ ವರ್ಷವೇ ಮೆಚ್ಚಿ, ಅವನ ಹಾಡನ್ನು ಪೆಲಿಕನ್ಸ್ ಬಣ್ಣದ, ಗಂಡನ ತಿಳಿನೀಲಿ ನಿಲುವಂಗಿಯ ಬೆನ್ನಿಗೆ ಕಸೂತಿ ಹಾಕಿಕೊಟ್ಟಿದ್ದರು. ಆ ಅಂಗಿ ತೊಟ್ಟು, ಮಿನೆಗಿಶಿ ಬಂದಾಗ ಎದ್ದು ನಿಂತು ಕೊನೆಯ ಸಲ ಹಾಡಬೇಕು. ತೊಕುಜಿರೊ ಅವರ ಆಸೆ ಅಷ್ಟೇ.

ಟಿಕೆಟ್ಟು ಬಿಡುವ ಗಳಿಗೆಗೆ ಸ್ವಿಲೆನ್ ಬ್ರೆಡ್ಡಿನ ಹಿಟ್ಟು ಮೆತ್ತಿದ ಬೆರಳಲ್ಲೇ ಫೋನ್ ಹಿಡಿದ. ಎಡ ಸ್ಟ್ಯಾಂಡೋ, ಬಲ ಸ್ಟ್ಯಾಂಡೋ ಎಂದು ಫೋನ್ ಕೇಳಿತು. ಇದೂ ಒಂದು ಪ್ರಶ್ನೆಯೇ! ಪ್ರತಿ ಸಲ ಮಾವನ ಜೊತೆ ಹಿಂದಿನ ಬಾಗಿಲಿಂದ ಒಳಹೊಕ್ಕು ಬಲಕ್ಕೆ ತಿರುಗುವವನು ಅವನು. ಬಲ ಎಂದು ಒತ್ತಿದ. ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಸಣ್ಣ ಅಕ್ಷರ ಓದುವುದು ಧೈರ್ಯವಿಲ್ಲದವರ ಕೆಲಸವೆಂದು ಮುಂದೆ ಹೋದ. ಟಿಕೆಟ್ಟು ಸಿಕ್ಕಿತು! ಊರಿಗೆ ಊರೇ ಟಿಕೆಟ್ ಸಿಗದೆ ಪರದಾಡುತ್ತಿದ್ದಾಗ ಇವನಿಗೆ ಸಲೀಸಾಗಿ ಸಿಕ್ಕಿಬಿಟ್ಟಿತು. ಹಾಗೆ ಯಾಕೆ ಸಿಕ್ಕಿತೆಂದು ಆಗಲೇ ಅನುಮಾನ ಬರಬೇಕಿತ್ತು.

ಬೇಸ್‌ಬಾಲಿನಲ್ಲಿ ಎಡ ಬಲ ಎಂಬುದು ಬ್ಯಾಟ್ ಹಿಡಿದು ನಿಂತವನ ಎಡ ಬಲ. ಅವನಿಗೆ ಎದುರಾಗಿ ಹಿಂದಿನ ಬಾಗಿಲಿಂದ ಬರುವವನಿಗೆ ಎಲ್ಲವೂ ತಿರುವುಮುರುವು. ಭಾನುವಾರ ಬಾಗಿಲಲ್ಲಿ ಸ್ವಿಲೆನ್ ಎಂದಿನಂತೆ ಬಲಕ್ಕೆ ತಿರುಗಿದ. ಫೋನಿನಲ್ಲಿದ್ದ ಟಿಕೆಟ್ ನೋಡಿದ ಬಾಗಿಲಿನ ಹುಡುಗಿ ಸೊಂಟ ಬಗ್ಗಿಸಿ, "ತಮ್ಮದು ಆ ಕಡೆ" ಎಂದು ಎಡಕ್ಕೆ ಕೈ ತೋರಿಸಿದಳು. ಆ ಕಡೆ ನೋಡಿದರೆ ನೇರಳೆ. ಟೋಪಿ ನೇರಳೆ, ಬಾವುಟ ನೇರಳೆ, ಅಜ್ಜಿಯರ ಕೂದಲೂ ನೇರಳೆ. ಎದುರಾಳಿ ರೈನೋಸ್ ತಂಡದ ಕಟ್ಟಾ ಅಭಿಮಾನಿಗಳ ನಟ್ಟನಡುವೆ ಸ್ವಿಲೆನ್ ಎರಡು ಸೀಟು ಕಾದಿರಿಸಿದ್ದ!

ಕಾವಲಿನವನು ಓಡಿಬಂದ. "ದಯವಿಟ್ಟು ತಪ್ಪು ತಿಳೀಬೇಡಿ ಹಿರಿಯರೇ, ಈ ಕಡೆ ಎದುರು ತಂಡದ ಬಣ್ಣ ಹಾಕ್ಕೊಂಡು ಕೂರೋ ಹಾಗಿಲ್ಲ. ಆ ಅಂಗಿ..."

ಸ್ವಿಲೆನ್ ಕಣ್ಣು ಮುಚ್ಚಿದ. ಬಂತು, ಈಗ ಬಂತು ಬೈಗುಳ! ಆದರೆ ತೊಕುಜಿರೊ ಕಾವಲಿನವನಿಗೆ ತಲೆಬಾಗಿಸಿ, ಅಂಗಿ ಬಿಚ್ಚಿ, ಕಸೂತಿ ಒಳಗಾಗುವಂತೆ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕುಳಿತರು. "ಪರವಾಗಿಲ್ಲ ಅಳಿಯಂದಿರೇ. ಇಲ್ಲಿಂದಲೂ ಚೆನ್ನಾಗಿ ಕಾಣ್ಸುತ್ತೆ."

ಸ್ವಿಲೆನ್‌ಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮಾವನ ಕೈ ಆ ಅಂಗಿಯನ್ನು ಮೆಲ್ಲಗೆ ಸವರುತ್ತಿತ್ತು.

"ಬೈಯಿರಿ ಮಾವ! ಪ್ಲೀಸ್, ಬೈದುಬಿಡಿ!"

"ಛೆ ಛೆ, ಬೈಯೋದು ಯಾಕೆ? ಟಿಕೆಟ್ಟಿಗೆ ಎಷ್ಟು ಕಷ್ಟಪಟ್ರೋ ಏನೋ. ತಗೊಳ್ಳಿ, ಅನ್ನದುಂಡೆ ತಿನ್ನಿ."

ತಪ್ಪು ಸರಿಪಡಿಸಲು ಸ್ವಿಲೆನ್ ಇಡೀ ಮೈದಾನ ಸುತ್ತಿ ಪೆಲಿಕನ್ಸ್ ಕಡೆಯ ಸ್ಟ್ಯಾಂಡಿಗೆ ಓಡಿದ. ಸೀಟು ಬದಲಾಯಿಸಿಕೊಳ್ಳುತ್ತೀರಾ ಎಂದು ಕಂಡಕಂಡವರನ್ನು ಬೇಡಿದ. ಮಿನೆಗಿಶಿಯ ಕೊನೆಯ ಆಟದ ದಿನ ನೇರಳೆ ಪಾಳೆಯಕ್ಕೆ ಬರಲು ಯಾರಿಗೆ ತಲೆ ಕೆಟ್ಟಿದೆ? "ನೀವು ಯಾವ ದೇಶದವರು?" ಎಂದು ಮಾತ್ರ ಒಬ್ಬರು ಕೇಳಿದರು. ಬಲ್ಗೇರಿಯಾ ಎಂದ. "ಓಹೋ, ಮೊಸರು!" ಎಂದು ಸಾಲಿಗೆ ಸಾಲೇ ಸಂತೋಷಪಟ್ಟಿತು. ಆ ದೇಶದ ಹೆಸರು ಹೇಳಿದರೆ ಇಲ್ಲಿ ಎಲ್ಲರಿಗೂ ನೆನಪಾಗುವುದು ಅದೊಂದೇ. ಸೀಟು ಮಾತ್ರ ಯಾರೂ ಕೊಡಲಿಲ್ಲ.

ಬರಿಗೈಯಲ್ಲಿ ಮರಳುವಾಗ ಇನ್ನೊಂದು ಬುದ್ಧಿವಂತಿಕೆ ಹೊಳೆಯಿತು. ನೇರಳೆಯ ನಡುವೆ ಇಬ್ಬರೇ ಬೋಳು ಬೋಳಾಗಿ ಕೂತರೆ ಎಲ್ಲರ ಕಣ್ಣು ಬೀಳುತ್ತದೆ, ಮಾವನಿಗೆ ಮುಜುಗರ. ಎರಡು ನೇರಳೆ ಟವೆಲ್ ಕೊಂಡು ತಂದು ಒಂದನ್ನು ಮಾವನ ಕೊರಳಿಗೆ ಭಕ್ತಿಯಿಂದ ಹಾಕಿದ. ಮಾವ ಅದಕ್ಕೂ "ಬೆಚ್ಚಗಿದೆ" ಎಂದರು! ಅಷ್ಟರಲ್ಲಿ ಟೀವಿ ಕ್ಯಾಮೆರಾ, ಗಡ್ಡದ ವಿದೇಶಿಯೊಬ್ಬ ಕಂಡ ಖುಷಿಗೆ, ಇವರತ್ತಲೇ ತಿರುಗಿ ನಿಂತಿತು. ಫೋನ್ ಬಡಿದುಕೊಂಡಿತು.

"ಏನ್ರೀ ಇದು! ಅಪ್ಪನ ಕೊರಳಲ್ಲಿ ರೈನೋಸ್ ಟವೆಲ್!"

"ಅದು... ಸ್ವಲ್ಪ ಎಡ ಬಲ ಆಯ್ತು ಕಣೆ."

"ಸ್ವಲ್ಪಾನಾ? ಅಪ್ಪನ ಗೆಳೆಯರೆಲ್ಲ ಅಂಗಡಿ ಮುಂದೆ ಸೇರಿದಾರೆ. ಅಪ್ಪನಿಗೆ ತಲೆ ಕೆಟ್ಟಿದೆಯಾ, ಇಲ್ಲ ನೀವು ಹಿಡ್ಕೊಂಡು ಹೋಗಿದೀರಾ ಅಂತ ಕೇಳ್ತಿದಾರೆ. ಅಪ್ಪ ಬೈದ್ರಾ?"

"ಇಲ್ಲ."

"ಇಷ್ಟಕ್ಕೂ ಬೈಲಿಲ್ವಾ?" ಚಿಗುಸಾಳ ದನಿ ಮೆತ್ತಗಾಯಿತು. "ಅಯ್ಯೋ ಪಾಪ."

ಆಟ ಸಾಗಿತು. ತಮ್ಮ ತಂಡ ಬ್ಯಾಟ್ ಹಿಡಿದಾಗ ನೇರಳೆಯವರು ಎದ್ದು ಹಾಡುತ್ತಿದ್ದರು, ಪೆಲಿಕನ್ಸ್ ಸರದಿ ಬಂದಾಗ ಕುಳಿತು ತಿನ್ನುತ್ತಿದ್ದರು. ಎದುರಿನವರ ಸರದಿಯಲ್ಲಿ ಬಾಯಿ ಹಾಕುವುದು ಸಭ್ಯತೆಯಲ್ಲ. ದೂರದ ನೀಲಿ ಸ್ಟ್ಯಾಂಡಿನಿಂದ ಪರಿಚಿತ ಹಾಡುಗಳು ಗಾಳಿಯಲ್ಲಿ ತೇಲಿ ಬರುತ್ತಿದ್ದವು. ತೊಕುಜಿರೊ ಮುಖ ಕಲ್ಲಿನಂತಿದ್ದರೂ ಕಾಲು ಮಾತ್ರ ತಾಳ ಹಾಕುತ್ತಿತ್ತು. ಪಕ್ಕದ ನೇರಳೆ ಅಜ್ಜಿ ಸ್ವಿಲೆನ್‌ಗೆ ಸೌತೆ ಉಪ್ಪಿನಕಾಯಿ ಕೊಡುತ್ತಾ ಪಿಸುಗುಟ್ಟಿದಳು. "ನಿಮ್ಮ ಮಾವನ ಟವೆಲ್ ನಮ್ಮದು, ಕಾಲು ಅವರದ್ದು. ನಾನೇನೂ ನೋಡಿಲ್ಲಪ್ಪ."

ಕೊನೆಯ ಸುತ್ತಿನಲ್ಲಿ ಪೆಲಿಕನ್ಸ್ ಸರದಿ ಬಂತು. ಇಡೀ ಮೈದಾನ ಹೋ ಎಂದಿತು. ಮಿನೆಗಿಶಿ ಆಟಗಾರರ ಬೆಂಚಿನಿಂದ ಎದ್ದು ಹೊರಗೆ ಬಂದಿದ್ದ! ತೊಕುಜಿರೊ ಅಂಗಿಯನ್ನು ಎದೆಗೆ ಅವುಚಿಕೊಂಡರು. ನಿಯಮ ಹಾಳಾಗಲಿ! ಸ್ವಿಲೆನ್ ದಡಕ್ಕನೆ ಎದ್ದು, ಮಾವನ ಕೊರಳಿನ ಟವೆಲ್ ಕಿತ್ತೆಸೆದು, ನೀಲಿ ಅಂಗಿಯನ್ನು ಹೆಗಲಿಗೆ ಹೊದಿಸಿ, ಬಲ್ಗೇರಿಯಾದ ಬೆಟ್ಟಗಳಿಗೆ ಕೇಳುವಂತೆ ಮಿನೆಗಿಶಿಯ ಹಾಡನ್ನು ಶುರುಮಾಡಿದ. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು. ಸುತ್ತಲೂ ಅಗಿಯುವುದು ನಿಂತಿತು. ಬ್ಯಾಟ್ ಹಿಡಿದು ನಿಂತಿದ್ದವನೇ ಆಟ ಬಿಟ್ಟು ಬಲಗಡೆ ತಿರುಗಿ ನೋಡಿದ.

ಅವನು ಮಿನೆಗಿಶಿ ಅಲ್ಲವೇ ಅಲ್ಲ! ಯಾವನೋ ಎಳೆಯ ಆಟಗಾರ.

"ಏಯ್! ಕೂತ್ಕೊಳೋ ಮಂಕೇ!"

ಯಾರ ದನಿ ಇದು? ಸ್ವಿಲೆನ್ ಹಾಡು ನುಂಗಿ ತಿರುಗಿದ. ತೊಕುಜಿರೊ ಎದ್ದು ನಿಂತಿದ್ದರು. ಮುಖ ಕೆಂಪಗೆ ಕೆಂಡ.

"ಅವನು ಮಿನೆಗಿಶಿನೇನೋ? ಕಣ್ಣು ಎಲ್ಲಿಟ್ಟಿದೀಯೋ? ಮಿನೆಗಿಶಿ ಇನ್ನೂ ಆಚೆ ನಿಂತು ಸರದಿ ಕಾಯ್ತಾ ಇದಾನೆ! ಪಾಪ, ಆ ಹುಡುಗ ಈಗ ತಾನೇ ಆಡೋಕೆ ಬಂದಿದಾನೆ, ಅವನ ಮುಂದೆ ಇನ್ನೊಬ್ಬನ ಹಾಡು ಹೇಳ್ತಾರೇನೋ ಯಾರಾದ್ರೂ? ಇಷ್ಟು ವರ್ಷ ನನ್ ಜೊತೆ ಬಂದು ಕಲ್ತಿದ್ದು ಇದೇನಾ? ಎಡ ಬಲ ಗೊತ್ತಿಲ್ಲ, ಹಿಂದು ಮುಂದು ಗೊತ್ತಿಲ್ಲ, ಮೊಸರು ತಿಂದು ತಿಂದು ಬುದ್ಧೀನೇ ಹುಳಿಯಾಗಿದೆ! ನಮ್ಮಪ್ಪನ ಟೀಪಾಟು ಕಣೋ ಅದು! ಅವತ್ತು ಸ್ನಾನದ ನೀರೆಲ್ಲ ಚೆಲ್ಲಿ ನನ್ನ ಹಾಗೇ ಮಲಗಿಸಿದೆಯಲ್ಲ, ರಾತ್ರಿಯಿಡೀ ಮೈ ಕೆರೀತಿತ್ತು, ಗೊತ್ತೇನೋ ಕತ್ತೆ?"

ವರ್ಷಗಟ್ಟಲೆ ಕೂಡಿಟ್ಟ ಬೈಗುಳ ಕಟ್ಟೆ ಒಡೆದು ನುಗ್ಗಿತು. ಸ್ವಿಲೆನ್ ಕೈಮುಗಿದು ನಿಂತು, ಪ್ರಸಾದದಂತೆ ಒಂದೊಂದನ್ನೂ ಸ್ವೀಕರಿಸಿದ. ನೇರಳೆ ಅಜ್ಜಿ ತಾನೂ ಮೂಗು ಒರೆಸಿಕೊಂಡಳು.

ಅಷ್ಟರಲ್ಲಿ ನೇರಳೆ ಪಡೆಯ ಮುಖಂಡ, ಬಿಳಿ ಕೈಗವಸು ತೊಟ್ಟು ಕೊರಳಿಗೆ ಸೀಟಿ ಕಟ್ಟಿಕೊಂಡವನು, ಮೆಟ್ಟಿಲಿಳಿದು ಬಂದ. ಹೊರಗೆ ಅಟ್ಟಲು ಬಂದ ಎಂದುಕೊಂಡು ಸ್ವಿಲೆನ್ ಚೀಲ ಎತ್ತಿಕೊಂಡ. ಆತ ತೊಕುಜಿರೊಗೆ ತಲೆಬಾಗಿಸಿದ.

"ಹಿರಿಯರೇ, ಮಿನೆಗಿಶಿ ಚೆಂಡು ಹೊಡೆದು ನಮ್ಮನ್ನ ಎಷ್ಟು ಸಲ ಅಳಿಸಿದಾನೆ ಅಂದ್ರೆ, ಅವನು ಹೋಗ್ತಾನಲ್ಲ ಅಂತ ನಮಗೂ ಬೇಜಾರು. ಅವನ ಹಾಡು ಊದೋಕೆ ನಾವೂ ಕಲ್ತು ಬಂದಿದೀವಿ. ಕಹಳೆ ಪರವಾಗಿಲ್ಲ, ಮಾತುಗಳೇ ಸರಿಯಾಗಿ ಬರಲ್ಲ. ನೀವು ಮುಂದೆ ನಿಂತು ಹೇಳಿಕೊಡ್ತೀರಾ?"

"ಅಂಗಿ ನೀಲಿ ಇದೆಯಲ್ಲ?" ಎಂದರು ತೊಕುಜಿರೊ.

"ಬೆನ್ನ ಮೇಲೆ ಹಾಡು ಬರೆದಿದೆ. ಹಿಂದಿನವರು ನೋಡ್ಕೊಂಡು ಹಾಡ್ತಾರೆ."

ಕಾವಲಿನವನನ್ನು ಆ ಹೊತ್ತಿಗೆ ಸರಿಯಾಗಿ ಯಾರೋ ಎಲ್ಲಿಗೋ ಕರೆದರು. ಯಾರೂ ಕರೆಯಲಿಲ್ಲವೆಂದು ಅಜ್ಜಿಯ ಅಭಿಪ್ರಾಯ.

ಮಿನೆಗಿಶಿ ಈಗ ನಿಜವಾಗಿಯೂ ಬ್ಯಾಟ್ ಹಿಡಿದು ಬಂದ. ನೇರಳೆ ಸ್ಟ್ಯಾಂಡಿನ ಕಹಳೆ ಮೊಳಗಿತು. ಅತ್ತ ಎಡಗಡೆಯಿಂದ ನೀಲಿ ಜನ, ಇತ್ತ ಬಲಗಡೆಯಿಂದ ತೊಕುಜಿರೊ ಮತ್ತು ಅವರ ಬೆನ್ನು ಓದುತ್ತಾ ನೇರಳೆ ಜನ. ಅತ್ತೆಯ ಕಸೂತಿಯನ್ನು ಇಡೀ ಶತ್ರುಪಡೆ ಕೊರಳೆತ್ತಿ ಹಾಡಿತು. ಮಿನೆಗಿಶಿ ಹೊಡೆದ ಚೆಂಡು ಸೊಗಸಾಗಿ ಮೇಲೇರಿ, ಅಷ್ಟೇ ಸೊಗಸಾಗಿ ಎದುರಾಳಿಯ ಕೈಗೆ ಬಿತ್ತು. ಅವನು ಮೊದಲು ಎಡಕ್ಕೆ ಬಾಗಿ ವಂದಿಸಿದ. ಆಮೇಲೆ ಬಲಕ್ಕೆ ತಿರುಗಿ, ಅಷ್ಟು ನೇರಳೆಯ ನಡುವೆ ಒಂದೇ ಒಂದು ನೀಲಿ ಅಂಗಿ ಕಂಡು, ಒಂದು ಕ್ಷಣ ನಿಂತು, ಟೋಪಿ ತೆಗೆದ.

"ನನ್ನ ನೋಡೇ ತೆಗೆದದ್ದು" ಎಂದರು ತೊಕುಜಿರೊ, ಕಣ್ಣೊರೆಸಿಕೊಂಡು. "ಆ ಕಡೆ ಕೂತಿದ್ರೆ ಎಲ್ಲಿ ಕಾಣ್ತಿದ್ದೆ ನಾನು?"

ಇದು ಹೊಗಳಿಕೆಯೇ ಎಂದು ಸ್ವಿಲೆನ್ ಉಬ್ಬಿಹೋದ. ಬಾಗಿಲಿನ ಹೊರಗೆ ಬಂದವನೇ ಎದೆ ಸೆಟೆಸಿ ಚಿಗುಸಾಳಿಗೆ ಫೋನ್ ಮಾಡಿದ.

"ಬೈದ್ರು ಕಣೆ! ಮಂಕು ಅಂದ್ರು! ಕತ್ತೆ ಅಂದ್ರು! ಟೀಪಾಟನ್ನೂ ಬಿಡಲಿಲ್ಲ!"

"ಅಳ್ತಾ ಇದೀರಾ?"

"ಖುಷಿಗೆ ಕಣೆ! ಇನ್ಮೇಲೆ ಟಿಕೆಟ್ ಯಾವಾಗಲೂ ನಾನೇ..." ಎನ್ನುತ್ತಾ, ಇಷ್ಟು ವರ್ಷ ಓಡಾಡಿದ ದಾರಿ ತಾನೇ ಎಂದು ಧೀರಗತಿಯಲ್ಲಿ ಹೆಜ್ಜೆ ಹಾಕಿದ.

ಹಿಂದಿನಿಂದ ಯಾರೋ ಕೊರಳಪಟ್ಟಿ ಹಿಡಿದು ಎಳೆದರು.

"ಏಯ್, ಎತ್ಲಾಗೆ ಹೊರಟೆಯೋ? ಮನೆ ಈ ಕಡೆ!"