ದೀಪ ಇಳಿಸದೆ ಬಾವಿಗೆ

ನನ್ನ ಸೋದರಮಾವನಷ್ಟು ಆಕಾಶವನ್ನು ನಂಬಿದವರು ಮೂಡುಬಿದಿರೆಯಲ್ಲಿ ಇನ್ನೊಬ್ಬರಿರಲಿಲ್ಲ. ಕಾಲಡಿಯ ನೆಲವನ್ನು ಅವರಷ್ಟು ಮರೆತವರೂ ಇರಲಿಲ್ಲ! ಐವತ್ತರ ದಶಕದ ಕೊನೆಯಲ್ಲಿ ಅವರು ಹೈಸ್ಕೂಲಿನ ವಿಜ್ಞಾನದ ಮಾಸ್ತರರು. ಮೇಲಿನಿಂದ ಸದಾ ಕಿರಣಗಳು ಸುರಿಯುತ್ತವೆ, ಗಾಳಿಯ ಪದರ ಬಹುಪಾಲನ್ನು ತಡೆಯುತ್ತದೆ, ಉಳಿದವು ನಮ್ಮ ತಲೆಯನ್ನೂ ತೂರಿ ಹೋಗುತ್ತವೆ ಎನ್ನುತ್ತಿದ್ದರು. ಅವರ ತಲೆಯನ್ನು ನೋಡಿದ ಮೇಲೆ ನಂಬದೆ ಉಂಟೇ?

ಅಳೆಯುವ ಯಂತ್ರವೆಂದರೆ ಒಂದು ಗಾಜಿನ ಶೀಸೆ. ಒಳಗೆ ಅಕ್ಕಸಾಲಿಗನನ್ನು ಕಾಡಿ ತಂದ ಚಿನ್ನದ ರೇಕಿನ ಎರಡು ಎಳೆ, ತೇವ ಹೀರಲು ಸುಟ್ಟ ಸುಣ್ಣ. ಅತ್ತೆಯ ರೇಷ್ಮೆಯ ಧಾರೆಸೀರೆಗೆ ಅರಗಿನ ಕಡ್ಡಿ ಉಜ್ಜಿ ಮುಟ್ಟಿಸಿದರೆ ಅದರ ವಿದ್ಯುತ್ತಿಗೆ ಎಳೆಗಳು ಅಗಲಿ ನಿಲ್ಲುತ್ತಿದ್ದವು. ಕಿರಣಗಳು ಹಾದಂತೆಲ್ಲ ಮೆಲ್ಲಗೆ ಕೂಡಿಕೊಳ್ಳುತ್ತಿದ್ದವು. ಬೆಳ್ತಂಗಡಿಯ ಗಡಾಯಿಕಲ್ಲಿನ ತುದಿಗೂ ಶೀಸೆಯನ್ನು ಹೊತ್ತರು. ಅಲ್ಲಿ ತಲೆಯ ಮೇಲೆ ಗಾಳಿ ಕಡಿಮೆ, ಎಳೆಗಳು ತುಸು ಬೇಗ ಕೂಡಿದವಂತೆ. ಕುಣಿಯಲು ಹೋಗಿ ಒಂದು ಚಪ್ಪಲಿಯನ್ನು ಬಂಡೆಯಿಂದ ಕೆಳಗೆ ಕಳೆದುಕೊಂಡು ಬಂದರು!

"ಇನ್ನು ಭೂಮಿಯೊಳಗೆ ನೋಡುವ," ಎಂದರು. ಹಿತ್ತಿಲಿನಲ್ಲಿ ವರ್ಷಗಳಿಂದ ಮುಚ್ಚಿಟ್ಟ ಒಣಬಾವಿ ಇತ್ತು.

"ಮಾಸ್ಟ್ರೇ, ಆಕಾಶದ್ದನ್ನು ಬಾವಿಯಲ್ಲಿ ಹುಡುಕುವುದಾ?" ನನ್ನೊಡನೆ ಹಗ್ಗ ಹಿಡಿಯಲು ಬಂದ ಪಕ್ಕದ ಅಂಗಡಿಯ ಸಾಹೇಬರು ಕೇಳಿದರು.

"ಅಲ್ಲಿಗೆ ಬರುವುದಿಲ್ಲ ಅಂತ ನೋಡಲಿಕ್ಕೆ ಮಾರಾಯ್ರೆ!"

ಹಳೆಯ ಬಾವಿಗೆ ಮೊದಲು ದೀಪ ಇಳಿಸುವುದು ನಮ್ಮಲ್ಲಿಯ ಕ್ರಮ. ದೀಪ ಆರಿದರೆ ಒಳಗಿನ ಗಾಳಿ ಉಸಿರಾಟಕ್ಕೆ ಆಗದು. ಅತ್ತೆ ಚಿಮಣಿ ಹಚ್ಚಿಕೊಂಡೇ ಬಂದಿದ್ದರು.

"ಬೇಡ," ಎಂದರು ಮಾವ. "ಅದರ ಹೊಗೆ ಒಳಗೆ ನಿಂತರೆ ಎಳೆ ಅದರಿಂದಲೇ ಕೂಡಿ ಬೀಳ್ತದೆ. ಕಿರಣ ಬೀಳಿಸಿದ್ದಾ, ದೀಪ ಬೀಳಿಸಿದ್ದಾ ಅಂತ ಹೇಗೆ ಗೊತ್ತಾಗುವುದು?"

"ನೀವು ಬಿದ್ದರೆ ಗೊತ್ತಾಗ್ತದೆ!"

ಮಾವ ನಕ್ಕು, ಸೊಂಟಕ್ಕೆ ಹಗ್ಗ ಬಿಗಿದು, ಶೀಸೆಯನ್ನು ಎದೆಗವಚಿ ಇಳಿದರು. ಹಗ್ಗ ನನ್ನ ಅಂಗೈಯಲ್ಲಿ ಸರಿಯುತ್ತ ಹೋಯಿತು, ನಿಂತಿತು. "ಸರಿ ಉಂಟು," ಎಂದರು ಕೆಳಗಿನಿಂದ. ಸ್ವಲ್ಪ ಹೊತ್ತಿನ ಮೇಲೆ, "ಎಳೆ ಅಲುಗುವುದಿಲ್ಲ…" ಮಾತು ತೊದಲಿತ್ತು. ಆಮೇಲೆ ಗಾಜು ಒಡೆದ ಸದ್ದು.

"ಮಾವಾ!"



ಎಳೆದೆವು. ಮನುಷ್ಯ ಅಷ್ಟು ಭಾರ ಇರುತ್ತಾನೆಂದು ನನಗೆ ತಿಳಿದಿರಲಿಲ್ಲ. ಬಾವಿಕಟ್ಟೆಯ ಪಕ್ಕದಲ್ಲಿ ಮಲಗಿಸಿದಾಗ ತುಟಿ ನೀಲಿಯಾಗಿತ್ತು. ಉಸಿರಿತ್ತು, ಇದೆಯೋ ಇಲ್ಲವೋ ಎಂಬಷ್ಟು. ಸಾಹೇಬರು ಎದೆ ತಿಕ್ಕಿದರು, ನಾನು ಗಾಳಿ ಬೀಸಿದೆ. ನಾನು ಮಾವಾ ಎಂದೆ, ಸಾಹೇಬರು ಮಾಸ್ಟ್ರೇ ಎಂದರು. ಕಣ್ಣು ತೆರೆಯಲಿಲ್ಲ.

ಆಗ ಅತ್ತೆ ಬಾಗಿ, ಅವರ ಕಿವಿಯ ಬಳಿ, ಹೆಸರು ಹಿಡಿದು ಕರೆದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರೆತ್ತುವುದಿಲ್ಲ. ಅತ್ತೆಯ ಬಾಯಲ್ಲಿ ನಾನು ಅದನ್ನು ಕೇಳಿದ್ದು ಅದೇ ಮೊದಲು. ಮತ್ತೆ ಕರೆದರು, ಇನ್ನೂ ಜೋರಾಗಿ. ರೆಪ್ಪೆ ಅಲುಗಿತು.

"ಯಾರು ಕರೆದದ್ದು?" ಎಂದರು ಮಾವ.

ಅತ್ತೆ ಅವರ ಹಣೆಯ ಮಣ್ಣು ಒರೆಸುತ್ತ ಹೇಳಿದರು: "ನಾನಲ್ಲ."